ಡಬ್ಬ ಆರಿಸುವ ಬಾವ

ನಮ್ಮ ಬಾವ ನಮ್ಮಕ್ಕನನ್ನು ಒಪ್ಪಿಕೊಂಡದ್ದು ಅವಳ ಮುಖ ನೋಡಿ ಅಲ್ಲ, ನಮ್ಮ ಮನೆಯ ಹಿತ್ತಲಲ್ಲಿದ್ದ ಕಸದ ಡಬ್ಬ ನೋಡಿ. ಈ ಮಾತು ಎತ್ತಿದರೆ ಅಕ್ಕನಿಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆದರೆ ನಾನೇನು ಮಾಡಲಿ? ಅವತ್ತು ಹಿತ್ತಲಲ್ಲಿ ಇದ್ದವಳು ನಾನು. ಅಕ್ಕ ಅಡುಗೆಮನೆಯಲ್ಲಿ ತಲೆ ತಗ್ಗಿಸಿಕೊಂಡು ಕಾಫಿ ಲೋಟ ಜೋಡಿಸುತ್ತಿದ್ದಳು. ಸಾಕ್ಷಿ ನನ್ನದೇ ಗಟ್ಟಿ.

ನಮ್ಮದು ಬಂಗಾರಪೇಟೆ. ಅಪ್ಪ ನಾಲ್ಕು ಎಮ್ಮೆ ಕಟ್ಟಿ ಹಾಲು ಹಾಕುತ್ತಿದ್ದರು, ಊರಾಚೆ ಒಂದಿಷ್ಟು ರಾಗಿ ಹೊಲವಿತ್ತು. ಗಂಡಿನವರು ಉರಿಗಾಂನಿಂದ ರೈಲಿನಲ್ಲಿ ಬಂದಿದ್ದರು. ಗಂಡಿಗೆ ಅಲ್ಲಿನ ಚಿನ್ನದ ಗಣಿಯ ಕಡೆ ಕೆಲಸ ಎಂದಷ್ಟೇ ನಮಗೆ ಗೊತ್ತು. ಉಪ್ಪಿಟ್ಟು ತಿಂದು ಕೈ ತೊಳೆಯಲು ಹಿತ್ತಲಿಗೆ ಹೋದ ಗಂಡು ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹುಡುಗ ಹಿಂದಿನ ಬಾಗಿಲಿನಿಂದಲೇ ರೈಲು ಹಿಡಿದನೋ ಎಂದು ಅಮ್ಮನಿಗೆ ಗಾಬರಿ. ನೋಡಿಕೊಂಡು ಬಾ ಎಂದು ನನ್ನನ್ನು ಕಳಿಸಿದರು.

ಗಂಡು ಎಲ್ಲಿಗೂ ಹೋಗಿರಲಿಲ್ಲ. ಕೊಟ್ಟಿಗೆಯ ಪಕ್ಕ, ಕಸ ತುಂಬುವ ಅರ್ಧ ಡ್ರಮ್ಮಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಒಗೆದು ಇಸ್ತ್ರಿ ಮಾಡಿದ ಪಂಚೆ ನೆಲ ಗುಡಿಸುತ್ತಿತ್ತು.

“ಇದನ್ನ ಇಟ್ಟಿಗೆ ಮ್ಯಾಲೆ ಕೂರಿಸಿದೋರು ಯಾರಮ್ಮ?” ಎಂದು ಕೇಳಿದರು.

“ನಮ್ಮಪ್ಪ.”

“ತಳಕ್ಕೆ ತೂತು ಹೊಡೆದೋರು?”

“ಅವ್ರೇ. ಮಳೆ ನೀರು ನಿಂತ್ರೆ ತಳ ತುಕ್ಕು ಹಿಡೀತದಂತೆ.”

ಅವರು ಎದ್ದು, ಕೈ ಝಾಡಿಸಿಕೊಂಡು ಒಳಗೆ ಹೋಗಿ ತಮ್ಮ ತಾಯಿಗೆ, “ಒಪ್ಪಿಗೆ ಆಯ್ತಮ್ಮ” ಎಂದರು. ಅಕ್ಕ ಕಾಫಿ ತಟ್ಟೆ ಹಿಡಿದು ಹೊಸಿಲು ದಾಟಿದ್ದು ಆಮೇಲೆ. ಇನ್ನು ನೀವೇ ಹೇಳಿ, ಒಪ್ಪಿದ್ದು ಯಾರನ್ನ?

ಅವರ ಕೆಲಸವೇನೆಂದು ಸರಿಯಾಗಿ ತಿಳಿದದ್ದು ಮದುವೆಯಾದ ಮೇಲೆ. ಕಾರ್ಖಾನೆ, ಉಗ್ರಾಣ, ಹೊಸ ಕಟ್ಟಡ ಏಳುವ ಜಾಗ, ಎಲ್ಲೆಲ್ಲಿ ಕಸ ಬೀಳುತ್ತದೋ ಅಲ್ಲಲ್ಲಿಗೆ ಯಾವ ಡಬ್ಬ ಇಡಬೇಕು, ಯಾವ ತೊಟ್ಟಿ ಇಡಬೇಕು ಎಂದು ನೋಡಿ ಆರಿಸುವುದು. ಇದೂ ಒಂದು ಕೆಲಸವೇ ಎಂದು ಅಮ್ಮ ಕೆನ್ನೆಗೆ ಕೈ ಇಟ್ಟುಕೊಂಡಳು. ಅಪ್ಪ ಮಾತ್ರ ಅಳಿಯನ ಪಕ್ಕಕ್ಕೆ ಚಾಪೆ ಎಳೆದುಕೊಂಡು ಕೂತರು. ಅವತ್ತಿನಿಂದ ಅವರಿಬ್ಬರು ಸೇರಿದಾಗಲೆಲ್ಲ ಡ್ರಮ್ಮಿನ ತಳ, ಬುಟ್ಟಿಯ ಹಿಡಿ, ತಗಡಿನ ದಪ್ಪ, ಇದೇ ಮಾತು. ಅಕ್ಕ ಹೇಗಿದ್ದಾಳೆ ಎಂದು ಅಪ್ಪ ಕೇಳಿದ್ದು ನನಗೆ ನೆನಪಿಲ್ಲ. “ಈ ಮನೆಗೆ ಅಳಿಯ ಬರ್ಲಿಲ್ಲ ಕಣೆ, ನಿಮ್ಮಪ್ಪಂಗೆ ಜೊತೆಗಾರ ಬಂದ” ಎನ್ನುತ್ತಿದ್ದಳು ಅಮ್ಮ.

ಅಕ್ಕನಿಗೆ ಮೊದಲ ಹೆರಿಗೆಯಾದಾಗ ಹೆಚ್ಚುಕಮ್ಮಿ ಅರ್ಧ ವರ್ಷ ನಾನು ಉರಿಗಾಂನಲ್ಲಿದ್ದೆ. ಸಾಲುಮನೆಗಳಲ್ಲಿ ಒಂದು ಮನೆ, ತಗಡಿನ ಮಾಡು, ಮುಂದೆ ಒಂದಿಷ್ಟು ಅಂಗಳ. ಆ ಅಂಗಳ ನಮ್ಮದೆಂದು ಹೇಳುವಂತಿರಲಿಲ್ಲ. ಅಲ್ಲಿ ಡಬ್ಬಗಳು ವಾಸವಾಗಿದ್ದವು. ಪರೀಕ್ಷೆಗೆಂದು ತಂದ ತಗಡಿನವು, ಮರದ ಪಟ್ಟಿಯವು, ಬಿದಿರಿನ ಮಂಕರಿಗಳು, ಹಿಡಿ ಒಂದೇ ಇರುವವು, ಎರಡಿರುವವು. ಮಗುವಿನ ಬಟ್ಟೆ ಒಣಗಿಸಲು ನಾನು ಅವುಗಳ ನಡುವೆ ದಾರಿ ಹುಡುಕಿಕೊಂಡು ಹೋಗಬೇಕಿತ್ತು.

ಬಾವನಿಗೆ ಮೂರು ಪ್ರಶ್ನೆಗಳಿದ್ದವು. ಏನು ಬೀಳ್ತದೆ? ಎಷ್ಟು ಬೀಳ್ತದೆ? ಎತ್ತೋರು ಯಾರು? ಈ ಮೂರಕ್ಕೆ ಉತ್ತರ ಸಿಗದೆ ಅವರು ಒಂದು ಚಿಪ್ಪನ್ನೂ ಎಲ್ಲಿಯೂ ಇಡುತ್ತಿರಲಿಲ್ಲ. ಕಾರ್ಖಾನೆಯ ಯಂತ್ರದಲ್ಲಿ ಕಬ್ಬಿಣ ಕಡೆಯುವಾಗ ಬೀಳುವ ಸುರುಳಿಗಳಿಗೆ ದಪ್ಪ ತಳ ಬೇಕು, ಇಲ್ಲದಿದ್ದರೆ ವಾರದಲ್ಲಿ ಸೀಳುತ್ತದೆ. ಎಣ್ಣೆ ಒರೆಸಿದ ಬಟ್ಟೆಗೆ ಮುಚ್ಚಳವಿರುವ ಕಬ್ಬಿಣದ್ದೇ ಆಗಬೇಕು, ಅದು ತಾನಾಗಿಯೇ ಹೊತ್ತಿಕೊಳ್ಳುವ ಜಾತಿ. ಸಾಮಾನು ಸುತ್ತಿ ಬಂದ ಹುಲ್ಲಿಗೆ, ಕಾಗದಕ್ಕೆ ಕೋಣೆಯಷ್ಟು ದೊಡ್ಡದಿದ್ದರೂ ನಡೆಯುತ್ತದೆ. ಇಟ್ಟಿಗೆ ಚೂರು, ಗಾರೆಗೆ ಮಾತ್ರ ಚಿಕ್ಕದಿರಬೇಕು, ಇಲ್ಲದಿದ್ದರೆ ತುಂಬಿದ ಮೇಲೆ ಎತ್ತಲಾಗುವುದಿಲ್ಲ. ಇದೆಲ್ಲ ನನಗೆ ಹೇಗೆ ಗೊತ್ತು ಎನ್ನುತ್ತೀರಾ? ಅರ್ಧ ವರ್ಷ ದಿನಕ್ಕೆರಡು ಹೊತ್ತು ಊಟದ ಜೊತೆಗೆ ಬಡಿಸಿದ್ದಾರೆ.

“ಉಣ್ಣೋವಾಗ ಕಸದ ಮಾತು ಬ್ಯಾಡ ಅಂತ ಎಷ್ಟು ಸಲ ಹೇಳ್ಳಿ?” ಎಂದು ಅಕ್ಕ ಒಳಗಿನಿಂದ ಕೂಗುವಳು.

“ಉಂಡ್ಮೇಲೆ ತಾನೇ ಕಸ ಆಗಾದು?” ಎಂದು ಬಾವ ಇನ್ನೊಂದು ತುತ್ತು ಮುದ್ದೆ ಮುರಿಯುವರು.

ಒಂದು ಭಾನುವಾರ ನನ್ನನ್ನು ಅಂಗಳಕ್ಕೆ ಕರೆದರು. ಮೂರು ಡಬ್ಬಗಳಲ್ಲಿ ಒಡೆದ ಇಟ್ಟಿಗೆ ತುಂಬಿಸಿ ಸಾಲಾಗಿ ಇಟ್ಟಿದ್ದರು. ಒಂದೊಂದನ್ನೇ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಬೇಲಿಯವರೆಗೆ ಹೋಗಿ ಬರಬೇಕಂತೆ. ನಾನು ನಾದಿನಿ, ಬಾಣಂತನಕ್ಕೆ ಬಂದವಳು! ಆದರೂ ಎತ್ತಿದೆ. ಮೊದಲನೆಯದು ಎದ್ದಿತು, ಎರಡನೆಯದರ ಅಂಚು ಪಕ್ಕೆಗೆ ಒತ್ತಿತು, ಮೂರನೆಯದು ನನ್ನನ್ನೇ ಕೂರಿಸಿತು. ಪಕ್ಕದ ಮನೆಯ ತಮಿಳಿನ ಅಜ್ಜಿ, ಎಲ್ಲರೂ ಪಾಟಿ ಎನ್ನುತ್ತಿದ್ದವರು, ಬೇಲಿಯಾಚೆಯಿಂದ ನೋಡುತ್ತಿದ್ದರು.

“ಎನ್ನ ತಂಬಿ, ಮದುವೆ ಆಗೋ ಪೊಣ್ಣು ಕೈಲಿ ಇಟ್ಟಿಗೆ ಎತ್ತಿಸ್ತೀಯಲ್ಲ? ಸೊಂಟ ಹಿಡ್ಕೊಂಡ್ರೆ ಯಾರು ಕಟ್ಕೋತಾರೆ? ನೀನೇ ಎತ್ತು.”

“ನಾನು ಎತ್ತಿದ್ರೆ ಪರೀಕ್ಷೆ ಆಗಲ್ಲ ಪಾಟಿ. ಕಟ್ಟಡದಾಗೆ ಕಸ ಹೊರಾಕೆ ಬರೋರು ಇವಳಳತೆ ಹೆಂಗಸ್ರು.”

“ಅಪ್ಪೊ ಆ ಹೆಂಗಸ್ರನ್ನೇ ಕರ್ಕೊಂಡು ಬಾ.”

“ಅವ್ರಿಗೆ ವಾರಕ್ಕೊಂದೇ ಭಾನುವಾರ” ಎಂದರು ಬಾವ. ನನಗೂ ವಾರಕ್ಕೊಂದೇ ಎಂಬುದು ಅವರಿಗೆ ಹೊಳೆಯಲಿಲ್ಲ. ಮರುದಿನ ನನ್ನ ಪಕ್ಕೆಯ ಕೆಂಪು ಗೆರೆಯನ್ನು ಅಕ್ಕ ತೋರಿಸಿದಾಗ, “ಹೌದಾ, ಅಂಚು ಮಡಿಸಬೇಕು ಹಾಗಾದ್ರೆ” ಎಂದು ಚೀಟಿಯಲ್ಲಿ ಬರೆದುಕೊಂಡು ಹೊರಟರು.

ಅವರ ಇನ್ನೊಂದು ತೊಂದರೆಯೆಂದರೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಅಕ್ಕ ಹಬ್ಬದ ಸೀರೆ ಉಟ್ಟು ಎದುರು ನಿಂತರೆ, “ಎರಡು ಒಗೆತಕ್ಕೆ ಬಣ್ಣ ಬಿಡ್ತದೆ” ಎನ್ನುತ್ತಿದ್ದರು. ಬಿಡುತ್ತಿತ್ತು, ಅದು ಬೇರೆ ಮಾತು. ಮನೆಯಲ್ಲಿ ಹೀಗಾದರೆ ಅಕ್ಕ ಒಂದು ದಿನ ಮಾತು ಬಿಡುತ್ತಿದ್ದಳು, ಅಷ್ಟೇ. ಕೆಲಸದ ಜಾಗದಲ್ಲೂ ಹೀಗೆಯೇ ಎಂದರೆ?

ಹೊಸದಾಗಿ ಬಂದ ಯುವ ಇಂಜಿನಿಯರೊಬ್ಬರು ಕಟ್ಟಡದ ಕೆಲಸಕ್ಕೆಂದು ಮದರಾಸಿನಿಂದ ದೊಡ್ಡ ದೊಡ್ಡ ಹಸಿರು ತೊಟ್ಟಿಗಳನ್ನು ತರಿಸಿದ್ದರಂತೆ. ನೋಡಲು ಲಕ್ಷಣವಾಗಿದ್ದವು, ಒಳಗೆ ಒಂದು ಕರು ಮಲಗಬಹುದಿತ್ತು. ಬಾವ ಅವನ್ನು ಸುತ್ತು ಹಾಕಿ ತಲೆ ಅಲ್ಲಾಡಿಸಿದರು.

“ಏನ್ರೀ, ಇದರಲ್ಲಿ ಏನು ಕಮ್ಮಿಯಾಗಿದೆ?” ಎಂದು ಇಂಜಿನಿಯರು ಕೇಳಿದರು.

“ಕಮ್ಮಿ ಏನೂ ಆಗಿಲ್ಲ ಸಾರ್. ಜಾಸ್ತಿ ಆಗದೆ.”

“ಅರ್ಧ ಮಾತ್ರ ತುಂಬಿಸಿ ಅಂತ ಹೇಳಿ.”

“ಅರ್ಧಕ್ಕೆ ನಿಲ್ಲಿಸೋ ಮನುಷ್ಯ ಇನ್ನೂ ಹುಟ್ಟಿಲ್ಲ ಸಾರ್. ಜಾಗ ಕಂಡ್ರೆ ಕೈ ತಾನಾಗಿ ಹಾಕ್ತದೆ. ತುಂಬಿದ್ದನ್ನ ತಾವೊಂದು ಸಲ ಎತ್ತಿ ನೋಡ್ಬೇಕು.”

ಇಂಜಿನಿಯರು ಒಳ್ಳೆಯ ಮನುಷ್ಯ. ಒಂದು ತೊಟ್ಟಿಗೆ ಇಟ್ಟಿಗೆ ಚೂರು ತುಂಬಿಸಿ, ಕೋಟು ಬಿಚ್ಚಿ ಜವಾನನ ಕೈಗೆ ಕೊಟ್ಟು ತಾವೇ ಕೈ ಹಾಕಿದರು. ತೊಟ್ಟಿ ಅಲ್ಲಾಡಲಿಲ್ಲ. ಜವಾನನೂ ಕೋಟನ್ನು ಗೋಡೆಯ ಮೇಲಿಟ್ಟು ಕೈ ಹಾಕಿದ. ಇಬ್ಬರ ಮುಖವೂ ಕೆಂಪಾದದ್ದೇ ಬಂತು. ಕೊನೆಗೆ ಇಂಜಿನಿಯರೇ ನಕ್ಕುಬಿಟ್ಟರಂತೆ. ಆ ತೊಟ್ಟಿಗಳು ಆಮೇಲೆ ಸಾಹೇಬರ ಕ್ಲಬ್ಬಿನ ಮುಂದೆ ಹೋಗಿ ಕೂತವು, ತಲೆಯ ಮೇಲೆ ಕಾಗದದ ಹೂವಿನ ಗಿಡ ಹೊತ್ತುಕೊಂಡು. ಆ ದಾರಿಯಲ್ಲಿ ಹೋಗುವಾಗ ಬಾವ ನನಗೆ ತೋರಿಸಿದರು. “ಪಾಪ, ಚೆನ್ನಾಗಿಯೇ ಅವೆ. ಜಾಗ ತಪ್ಪಿ ಬಂದಿದ್ವು ಅಷ್ಟೇ” ಎಂದರು, ಮದುವೆ ಮಾಡಿ ಕೊಟ್ಟ ಹೆಣ್ಣುಮಕ್ಕಳ ಬಗ್ಗೆ ಹೇಳುವಂತೆ.

ಇಂಥವರು ನನ್ನ ಮದುವೆಯನ್ನು ನೆಟ್ಟಗೆ ನಡೆಯಲು ಬಿಟ್ಟಾರೆಯೇ?

ನನಗೆ ಕಾಮಸಮುದ್ರದ ಕಡೆ ಗಂಡು ಗೊತ್ತಾಯಿತು. ಬೇಸಾಯದ ಮನೆತನ, ಮಾನ ಮರ್ಯಾದೆಯ ವಿಷಯದಲ್ಲಿ ಬಿಗಿ. ಬಂಗಾರಪೇಟೆಯ ನಮ್ಮ ಮನೆ ಮುಂದೆಯೇ ಚಪ್ಪರ ಹಾಕಿದರು. ಬೇಸಿಗೆ. ನಮ್ಮ ಬೀದಿಯ ಬಾವಿಯಲ್ಲಿ ನೀರು ತಳ ಕಂಡಿತ್ತು, ಕೊಡ ತುಂಬಬೇಕಾದರೆ ಕಾಯಬೇಕು. ಅಷ್ಟು ಜನಕ್ಕೆ ನೀರು ಹೇಗೆ ಎಂಬ ಚಿಂತೆಯಲ್ಲಿ ಅಪ್ಪ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮದುವೆಯ ಹಿಂದಿನ ದಿನ ಸಂತೆಗೆ ಹೋದವರು ಗಾಡಿಯಲ್ಲಿ ಒಂದು ದೊಡ್ಡ ಡ್ರಮ್ಮು ಹೇರಿಕೊಂಡು ಬಂದರು. ಹಳೆ ಸಾಮಾನಿನವನ ಹತ್ತಿರ ಸಿಕ್ಕಿದ್ದು. ಹೊಸದಾಗಿ ಕಪ್ಪು ಬಣ್ಣ ಬಳಿದು ಮಿರಮಿರ ಮಿಂಚುತ್ತಿತ್ತು, ಎಲ್ಲೂ ಒಂದು ನೆಗ್ಗು ಇಲ್ಲ. ಮುಚ್ಚಳ ಕೂಡ ಇತ್ತು.

“ಅಳಿಯಂದ್ರು ಬರ್ಲಿ, ನೋಡ್ಲಿ” ಎಂದು ಅಪ್ಪ ಅದರ ಸುತ್ತ ತಿರುಗಿದರು. ಮಗಳ ಮದುವೆಗಿಂತ ಆ ಡ್ರಮ್ಮನ್ನು ಅಳಿಯನಿಗೆ ತೋರಿಸುವ ಸಡಗರವೇ ಹೆಚ್ಚಾಗಿತ್ತು ಎಂದು ನನಗೆ ಆಗಲೇ ಅನ್ನಿಸಿತ್ತು. ಹುಣಿಸೆಹಣ್ಣು, ಬೂದಿ ಹಾಕಿ ತಾವೇ ತಿಕ್ಕಿ ತೊಳೆದರು. ಮರುದಿನ ಬೆಳಿಗ್ಗೆ ಬೀದಿಯ ಹೆಂಗಸರೆಲ್ಲ ಸೇರಿ, ಬಾವಿಯಲ್ಲಿ ಊರಿದ ನೀರನ್ನು ಕೊಡಕೊಡವಾಗಿ ತಂದು ಅದಕ್ಕೆ ತುಂಬಿದರು. ಅಡುಗೆಗೆ, ಪಾನಕಕ್ಕೆ, ಕುಡಿಯಲು ಎಲ್ಲಕ್ಕೂ ಅದೇ.

ಬಾವನಿಗೆ ರಜೆ ಸಿಕ್ಕಿದ್ದು ಅವತ್ತು ಒಂದೇ ದಿನ. ಅವರು ಬೆಳಗಿನ ರೈಲಿಳಿದು ಬರುವುದಕ್ಕೂ ಗಂಡಿನವರ ಗಾಡಿಗಳು ಚಪ್ಪರದ ಮುಂದೆ ನಿಲ್ಲುವುದಕ್ಕೂ ಸರಿಹೋಯಿತು. ಬೀಗರು ಚಾಪೆಯ ಮೇಲೆ ಸಾಲಾಗಿ ಕೂತರು. ಅಡುಗೆಯವನು ಪಾನಕಕ್ಕೆ ಬೆಲ್ಲ ಕುಟ್ಟಿಟ್ಟುಕೊಂಡು ಚೊಂಬು ಹಿಡಿದು ಡ್ರಮ್ಮಿನ ಕಡೆ ಹೊರಟಿದ್ದ. ಅಷ್ಟರಲ್ಲಿ ಅಪ್ಪ ಬಾವನ ಕೈ ಹಿಡಿದು ಎಲ್ಲರನ್ನೂ ದಾಟಿಸಿಕೊಂಡು ಅಲ್ಲಿಗೆ ಕರೆದುಕೊಂಡು ಹೋದರು. ನಾನು ಬಾಸಿಂಗ ಕಟ್ಟಿಸಿಕೊಳ್ಳುತ್ತಾ ಕಿಟಕಿಯಿಂದ ನೋಡುತ್ತಿದ್ದೆ.

“ನೋಡಿ, ಹೆಂಗದೆ?” ಎಂದರು ಅಪ್ಪ.

ಬಾವ ಬಗ್ಗಿದರು. ಬಾಯಿಯ ಸುತ್ತ ಬೆರಳಾಡಿಸಿದರು. ಅಂಚಿನ ಕೆಳಗೆ ಒಂದು ಕಡೆ ಕಪ್ಪು ಬಣ್ಣವನ್ನು ಉಗುರಿನಿಂದ ಕೆರೆದರು. ಕೆರೆದ ಜಾಗವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚೊಂಬು ಅದ್ದಲು ಬಂದ ಅಡುಗೆಯವನನ್ನು ಪಕ್ಕಕ್ಕೆ ಸರಿಸಿ, ಡ್ರಮ್ಮಿಗೆ ಭುಜ ಕೊಟ್ಟು ತಳ್ಳಿ ಉರುಳಿಸಿಬಿಟ್ಟರು.

ಬೀದಿಯ ನೀರೆಲ್ಲ ಚಪ್ಪರದೊಳಗೆ ಹರಿಯಿತು. ರಂಗೋಲಿ ಕರಗಿತು. ಗಂಡಿನ ಸೋದರಮಾವ ಬಿಟ್ಟಿದ್ದ ಹೊಸ ಜೋಡುಗಳು ತೇಲಿಕೊಂಡು ಬೀದಿಗೆ ಹೊರಟವು. ಅದು ಸಾಲದೆಂಬಂತೆ ಬಾವ ಒಲೆ ತೋಡಿದ್ದ ಹಾರೆ ತಂದು ಡ್ರಮ್ಮಿನ ತಳಕ್ಕೆ ಎರಡು ತೂತು ಹೊಡೆದರು. ಓಲಗದವರು ಕೂಡ ಊದುವುದನ್ನು ನಿಲ್ಲಿಸಿದರು.

ಅಪ್ಪ ಬಾವನ ತೋಳು ಹಿಡಿದರು. “ಯಾಕ್ ಅಳಿಯಂದ್ರೇ? ಡ್ರಮ್ಮು ಸರಿಯಿಲ್ವಾ?”

ಬಾವ ಅಪ್ಪನ ಮುಖ ನೋಡಿದರು. “ಡ್ರಮ್ಮು ಚೆನ್ನಾಗದೆ ಮಾವ. ಒಳಗೆ ಹಲ್ಲಿ ಬಿದ್ದಿತ್ತು.”

ಗಂಡಿನ ಸೋದರಮಾವ ಬರಿಗಾಲಲ್ಲಿ ಮುಂದೆ ಬಂದರು. “ಹಲ್ಲಿ ಬಿದ್ರೆ ನೀರು ಚೆಲ್ತಾರೆ ಸರಿ. ಡ್ರಮ್ಮಿಗ್ಯಾಕಪ್ಪ ತೂತು?”

“ಇನ್ನೊಂದು ಹಲ್ಲಿ ಬೀಳಬಾರ್ದು ಅಂತ” ಎಂದರು ಬಾವ.

ಯಾರೋ ಕಿಸಕ್ಕನೆ ನಕ್ಕರು. ಸೋದರಮಾವನಿಗೆ ಉರಿದುಹೋಯಿತು. “ನಮ್ಮನ್ನ ಕರೆಸಿ ತಮಾಷೆ ಮಾಡ್ತಾವ್ರೆ. ಗಾಡಿ ಕಟ್ರಲಾ, ಓಗಾನ” ಎಂದರು. ಗಂಡಿನ ತಾಯಿ ಆಗಲೇ ಎದ್ದು ನಿಂತಿದ್ದರು. ಅಮ್ಮ ಅವರ ಕೈ ಹಿಡಿದುಕೊಂಡಳು. ನಾನು ಒಳಗೆ ಗೋಡೆಗೆ ಒರಗಿ ಅಳುತ್ತಾ, ನಮ್ಮ ಬಾವನಂಥ ಮನುಷ್ಯ ಲೋಕದಲ್ಲಿ ಇನ್ನೊಬ್ಬರಿಗೆ ಸಿಗದಿರಲಿ ಎಂದು ಬೇಡಿಕೊಂಡೆ.

ಬಾವ ವಾದಿಸಲಿಲ್ಲ. ಬೀದಿಗೆ ಹೋಗಿ ಜೋಡುಗಳನ್ನು ಹುಡುಕಿ ತಂದು, ತಮ್ಮ ಹೊಸ ಶಲ್ಯದಲ್ಲಿ ಒರೆಸಿ, ಬಿಸಿಲಿಗಿಟ್ಟರು. ಸೋದರಮಾವನ ಎದುರು ಕೈ ಮುಗಿದು, “ತಪ್ಪು ನಂದು. ನಮ್ಮ ಮಾವಂದಲ್ಲ. ಒಂದು ಗಳಿಗೆ ತಡೀರಿ, ನೀರು ನಾನು ತಂದುಕೊಡ್ತೀನಿ” ಎಂದರು. ಮನೆಯ ಹಿರಿಯ ಅಳಿಯ, ಕಾಲಿಗೆ ನೀರು ಕೊಡಿಸಿಕೊಂಡು ಕೂರಬೇಕಾದವರು, ಎರಡು ಕೊಡ ಹಿಡಿದು ಹೊರಟರು. ನಮ್ಮ ಬಾವಿ ಬತ್ತಿದ್ದರಿಂದ ರೈಲ್ವೆ ಸ್ಟೇಷನ್ನಿನ ಕಡೆಯ ನಲ್ಲಿಯವರೆಗೆ ನಡೆಯಬೇಕು. ಎಷ್ಟು ಸಲ ಹೋಗಿ ಬಂದರೋ ನಾನು ಎಣಿಸಲಿಲ್ಲ. ನಡುನಡುವೆ ಕೊಡ ಇಳಿಸಿ, ನೀರು ಹರಿದ ಕಡೆಗೆಲ್ಲ ಸನಿಕೆಯಲ್ಲಿ ಮಣ್ಣು ಎಳೆಯುವರು. ಅಲ್ಲಿಗೆ ಬಂದ ಕೋಳಿಗಳನ್ನು ಅಟ್ಟುವರು. ಮದುವೆಗೆ ಬಂದ ಮನುಷ್ಯ ಕೋಳಿ ಕಾಯುತ್ತಿದ್ದಾನೆ ಎಂದು ಜನ ನೋಡಿ ನೋಡಿ ನಕ್ಕರು. ಆ ನಗುವಿನಲ್ಲಿಯೇ ಸೋದರಮಾವನ ಸಿಟ್ಟು ಇಳಿಯಿತೆಂದು ಕಾಣುತ್ತದೆ. ಜೋಡು ಒಣಗುವ ಹೊತ್ತಿಗೆ ಅವರು ಪಾನಕ ಕುಡಿದರು. ತಾಳಿ ಕಟ್ಟುವುದು ಸ್ವಲ್ಪ ತಡವಾಯಿತು, ಆದರೆ ಆಯಿತು.

ಸಂಜೆ ಹೊರಡುವಾಗ ಬಾವ ಆ ತೂತಾದ ಡ್ರಮ್ಮು ತಮಗೆ ಬೇಕೆಂದರು. “ಹೆಂಗೂ ತೂತಾಯ್ತು, ನಮ್ಮ ಕಸಕ್ಕಿರ್ಲಿ ಬಿಡಿ” ಎಂದರು ಅಪ್ಪ.

“ಇಲ್ಲ ಮಾವ, ಇಂಥ ಗಟ್ಟಿ ಡ್ರಮ್ಮು ನಮ್ಮಲ್ಲಿ ಸಿಕ್ಕಲ್ಲ. ಮಾದರಿಗೆ ಇಟ್ಕೊತೀನಿ.”

ಬೆಳಗಿನಿಂದ ಬಾಡಿದ್ದ ಅಪ್ಪನ ಮುಖ ಆಗ ಅರಳಿತು. ಡ್ರಮ್ಮನ್ನು ಸ್ಟೇಷನ್ನಿನವರೆಗೆ ತಾವೇ ಉರುಳಿಸಿಕೊಂಡು ಹೋಗಲು ಹೊರಟರು. ಬಾವ ಬಿಡಲಿಲ್ಲ, ಮುಟ್ಟಲೂ ಬಿಡಲಿಲ್ಲ. ಕೈಗೆ ಗೋಣಿಚೀಲ ಸುತ್ತಿಕೊಂಡು ತಾವೇ ಹೊತ್ತರು. ಆಮೇಲೆ ಬದುಕಿರುವ ತನಕ ಅಪ್ಪ ಹಾಲು ಹಾಕುವ ಮನೆಗಳಲ್ಲೆಲ್ಲ ಹೇಳಿಕೊಂಡರು: “ನಾನು ಆರಿಸಿದ ಡ್ರಮ್ಮು ಗಣೀಲಿ ಮಾದರಿಗೆ ಇಟ್ಟವ್ರೆ.”

ನಾನು ಒಂದು ವರ್ಷ ಬಾವನ ಜೊತೆ ಮಾತಾಡಲಿಲ್ಲ. ಆಮೇಲೆ ಸಿಟ್ಟು ತಮಾಷೆಯಾಯಿತು. ನನ್ನ ಗಂಡನ ಮನೆಯಲ್ಲಿ ಅವರಿಗೆ ಹಲ್ಲಿ ಬಾವ ಎಂದೇ ಹೆಸರು. ಹಬ್ಬಕ್ಕೆ ಬಂದರೆ ಮಕ್ಕಳು ಮಾಡು ನೋಡಿ, “ದೊಡ್ಡಪ್ಪ, ಹಲ್ಲಿ ಅದೆ, ಹಾರೆ ತರ್ಲಾ?” ಎನ್ನುವರು. ಅವರೂ ಸೇರಿ ನಗುತ್ತಿದ್ದರು. ಯಾರು ಎಷ್ಟು ಆಡಿಕೊಂಡರೂ ಅದಕ್ಕೆ ಒಂದು ಮಾತು ಎದುರಾಡಿದವರಲ್ಲ.

ಅರವತ್ತರ ದಶಕದ ನಡುವೆ ಅಪ್ಪ ತೀರಿಕೊಂಡರು. ಎಮ್ಮೆ ಕರೆದು ಬಂದು ಜಗಲಿಯ ಮೇಲೆ ಒರಗಿದವರು ಏಳಲಿಲ್ಲ. ಕಾರ್ಯವೆಲ್ಲ ಮುಗಿದ ಮೇಲೆ ಅಕ್ಕ ಅಮ್ಮನ ಜೊತೆ ಉಳಿದಳು. ನಾನು, ಬಾವ ಮಧ್ಯಾಹ್ನ ಸ್ಟೇಷನ್ನಿಗೆ ಬಂದೆವು. ಅವರ ರೈಲು ಗಣಿಯ ಕಡೆಗೆ, ನನ್ನದು ಕಾಮಸಮುದ್ರದ ಕಡೆಗೆ. ಎರಡೂ ಬಂದಿರಲಿಲ್ಲ. ಬೆಂಚಿನ ಮೇಲೆ ಕೂತೆವು. ಬಾವ ಹಿಂದಿನ ಹನ್ನೊಂದು ದಿನ ಹತ್ತು ಮಾತು ಕೂಡ ಆಡಿರಲಿಲ್ಲ. ಅವರನ್ನು ನಗಿಸೋಣವೆಂದು ನಾನು ಕೇಳಿದೆ:

“ಈಗಾದ್ರೂ ಹೇಳಿ ಬಾವ. ಆ ಹಲ್ಲಿ ಎಷ್ಟು ದೊಡ್ಡದಿತ್ತು?”

ಅವರು ನಗಲಿಲ್ಲ. ಹಳಿಯ ಕಡೆ ನೋಡುತ್ತಾ, “ಹಲ್ಲಿ ಇರ್ಲಿಲ್ಲ ಕಣಮ್ಮ” ಎಂದರು.

ನಾನು ಅವರ ಕಡೆ ತಿರುಗಿ ಕೂತೆ.

“ಗಣೀಲಿ ಚಿನ್ನ ಬಿಡಿಸೋಕೆ ಸಯನೈಡ್ ವಿಷ ತುಂಬಿ ಬರೋ ಡ್ರಮ್ಮು ಅದು. ಖಾಲಿ ಆದ್ಮೇಲೆ ಜಜ್ಜಿ ಹೂಳಬೇಕು, ಯಾರೂ ಬಳಸಬಾರ್ದು. ನಮ್ಮ ಕಡೇದಲ್ಲ, ಯಾವೂರಿಂದ ಬಂದಿತ್ತೋ ಏನೋ. ಗುರುತು ಕಾಣದಂಗೆ ಬಣ್ಣ ಹೊಡೆದಿದ್ರು, ಕೆರೆದಾಗ ಕಂಡ್ತು.”

“ಅಪ್ಪ ತೊಳೆದಿದ್ರಲ್ಲ ಬಾವ. ನಾನೇ ನೋಡ್ದೆ, ಹುಣಿಸೆಹಣ್ಣು ಹಾಕಿ…”

“ತೊಳೆದಿದ್ರು. ತಗೊಂಡೋಗಿ ನಮ್ಮ ಪರೀಕ್ಷೆ ಮಾಡೋರಿಗೆ ಕೊಟ್ಟೆ. ತಳದ ಮಡಿಕೇಲಿ ಇನ್ನೂ ಇತ್ತು ಅಂದ್ರು. ಮಾರನೇ ವಾರ ಬಂದು ಆ ಹಳೇ ಸಾಮಾನಿನೋನ ಅಂಗಡೀನೂ ಜಾಲಾಡ್ದೆ. ಅದೊಂದೇ ಬಂದಿತ್ತು.”

ಚಪ್ಪರದಲ್ಲಿ ಸಾಲಾಗಿ ಕೂತಿದ್ದ ಜನ ನನ್ನ ಕಣ್ಣ ಮುಂದೆ ಬಂದರು. ನನ್ನ ಗಂಡ, ಅತ್ತೆ, ಬೀದಿಯ ಮಕ್ಕಳು. ಚೊಂಬು ಹಿಡಿದು ಹೊರಟಿದ್ದ ಅಡುಗೆಯವನು.

“ಅವತ್ತೇ ಹೇಳಬಾರ್ದಿತ್ತಾ? ಇಷ್ಟು ವರ್ಷ ನಾವೆಲ್ಲ ನಿಮ್ಮನ್ನ ಎಷ್ಟು ಆಡಿಕೊಂಡ್ವಿ. ಯಾಕೆ ಬಾವ?”

ಬಾವ ಕೈಚೀಲವನ್ನು ಮಡಿಲಲ್ಲಿ ಸರಿಮಾಡಿಕೊಂಡರು.

“ಮಾವ ಬದುಕಿದ್ರಲ್ಲಮ್ಮ” ಎಂದರು.

ನಮ್ಮ ಕಡೆ ನಾದಿನಿಯಾದವಳು ನಾಲ್ಕು ಜನರೆದುರು ಬಾವನ ಕೈ ಹಿಡಿಯುವುದಿಲ್ಲ. ನಾನು ಹಿಡಿದುಕೊಂಡೆ. ಅವರ ರೈಲು ಬರುವ ತನಕ ಬಿಡಲಿಲ್ಲ.